ಮಾಳುವನ್ನು ಕೊಟ್ಟು ಸುರಜನನ್ನು ತಂದದ್ದು

ಐಗಳಿಯ ಜಕ್ಕಪ್ಪನಿಗೆ ಎರಡು ಗಂಟಲಿವೆ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಕಬಡ್ಡಿ ಅಂಗಳದ ಅಂಚಿಗೆ ನಿಂತು ಕೂಗಿದನೆಂದರೆ ಆ ದನಿ ಮೂರು ಹೊಲ ದಾಟುತ್ತಿತ್ತು, ಮೇಯುವ ಕುರಿಗಳು ತಲೆ ಎತ್ತಿ ನೋಡುತ್ತಿದ್ದವು. ಅದೇ ಮನುಷ್ಯ ಬೀರದೇವರ ಗುಡಿಕಟ್ಟೆಯ ಮೇಲೆ ಹತ್ತು ಜನರ ನಡುವೆ ಕೂತರೆ ಪಕ್ಕದವನಿಗೂ ಅವನ ಮಾತು ಕೇಳುತ್ತಿರಲಿಲ್ಲ. ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿತ್ತು. ಅದನ್ನು ಅವನು ಊದಿದ್ದನ್ನು ಕಂಡವರಿಲ್ಲ, ಅಂಗಳದಲ್ಲಿ ಅದರ ಅಗತ್ಯ ಬೀಳುತ್ತಿರಲಿಲ್ಲ, ಕಟ್ಟೆಯ ಮೇಲೆ ಊದುವ ಧೈರ್ಯ ಇರಲಿಲ್ಲ.

ಹರೆಯದಲ್ಲಿ ಅವನೂ ಆಡಿದವನೇ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಬಲಮೊಣಕಾಲು ಹೊರಳಿತು, ಹಳ್ಳಿಯವರೊಬ್ಬರು ಎಳೆದು ಕಟ್ಟಿದರು, ಅದು ಸೊಟ್ಟಗೇ ಕೂತಿತು. ಅಂದಿನಿಂದ ಆಡುವುದು ಬಿಟ್ಟು ಆಡಿಸುವುದನ್ನು ಹಿಡಿದ. ನಲವತ್ತು ಕುರಿ, ಎರಡು ಎಕರೆ ಹೊಲ, ಹೆಂಡತಿ ತಾರವ್ವ, ಸಂಜೆಯಾದರೆ ಏಳು ಜನರ ಆ ತಂಡ, ಇಷ್ಟೇ ಅವನ ಸಂಸಾರ. ಸ್ವಂತ ಮಕ್ಕಳಿರಲಿಲ್ಲ. ಆ ಜಾಗದಲ್ಲಿ ತಂಗಿಯ ಮಗ ಮಾಳು ಇದ್ದ.

ತಂಗಿ ಸುಜಾತಾ ಮತ್ತು ಅವಳ ಗಂಡ ವರ್ಷದ ಎಂಟು ತಿಂಗಳು ಕುರಿ ಹೊಡೆದುಕೊಂಡು ಮಹಾರಾಷ್ಟ್ರದ ಕಡೆ ತಿರುಗುವವರು. ಮಗನ ಶಾಲೆ ಕೆಡಬಾರದೆಂದು ಅವನ ಆರನೆಯ ವಯಸ್ಸಿನಲ್ಲಿ ಅಣ್ಣನ ಮನೆಯಲ್ಲಿ ಬಿಟ್ಟುಹೋದರು. ಶಾಲೆ ಇಲ್ಲಿಯೂ ಕೆಟ್ಟಿತು, ಆ ಮಾತು ಬೇರೆ. ಆದರೆ ಮಾಳು ಮಾವನ ಹಿಂಡಿನಲ್ಲಿ ಟಗರು ಹಿಡಿಯುವುದನ್ನು ಕಲಿತ. ಓಡುವ ಟಗರನ್ನು ಕೊರಳು ಹಿಡಿದು ನಿಲ್ಲಿಸಲಾಗದು, ಅದು ಹಿಡಿದವನನ್ನೇ ಎಳೆದುಕೊಂಡು ಹೋಗುತ್ತದೆ. ಹಿಂಗಾಲು ನೆಲ ಬಿಡುವ ಗಳಿಗೆ ನೋಡಿ ಗೊರಸಿನ ಮೇಲೆ ಕೈ ಹಾಕಬೇಕು. ಕಬಡ್ಡಿ ಅಂಗಳದ ಎಡಮೂಲೆಯಲ್ಲಿ ನಿಂತ ಮಾಳು, ಒಳನುಗ್ಗಿದ ರೇಡರನ ಕಾಲನ್ನು ಹಾಗೆಯೇ ಹಿಡಿಯುತ್ತಿದ್ದ. ಅವನ ಕೈಗೆ ಸಿಕ್ಕ ಕಾಲು ಬಿಡಿಸಿಕೊಂಡು ಹೋದದ್ದು ಅಪರೂಪ.

ಅವನಿಗೆ ಒಂದೇ ಒಂದು ಊನ. ಗಳಿಗೆ ಬಂದದ್ದು ಗೊತ್ತಾದರೂ ಅರೆಕ್ಷಣ ಹಿಂದೆಮುಂದೆ ನೋಡುತ್ತಿದ್ದ. ಆ ಅರೆಕ್ಷಣಕ್ಕೇ ಜಕ್ಕಪ್ಪ ಅಂಚಿನಲ್ಲಿ ನಿಂತಿರುತ್ತಿದ್ದ. “ಹಿಡಿ ಮಾಳೂ” ಎಂಬ ಕೂಗು ಬಿದ್ದದ್ದೇ ತಡ, ಮಾಳು ನೆಲಕ್ಕೆ ಹಾರಿ ಕಾಲು ಕಚ್ಚಿಕೊಂಡಿರುತ್ತಿದ್ದ. ಹದಿಮೂರು ವರ್ಷ ಹೀಗೇ ನಡೆದಿತ್ತು.

ಟಿವಿಯಲ್ಲಿ ಕಬಡ್ಡಿ ಬರತೊಡಗಿದ ಮರುವರ್ಷ, ಅಂದರೆ ಎರಡು ಸಾವಿರದ ಹದಿನೈದರಲ್ಲಿ, ಊರಿಗೆ ಹೊಸ ಹುಚ್ಚು ಹಿಡಿಯಿತು. ಯಾವ ತಂಡ ಯಾರನ್ನು ಕೊಟ್ಟು ಯಾರನ್ನು ತಂದಿತು ಎಂಬುದನ್ನು ಚಹಾದಂಗಡಿಯಲ್ಲಿ ಕೂತವರೆಲ್ಲ ಸ್ವಂತ ಮನೆಯ ಲಗ್ನದ ಮಾತಿನಂತೆ ಆಡತೊಡಗಿದರು. ಸಂಕ್ರಮಣದ ಬೆನ್ನಿಗೆ ರಾಯಬಾಗದ ಕಡೆ ನಡೆಯುವ, ಗೆದ್ದವರಿಗೆ ಬೆಳ್ಳಿಯ ಢಾಲು ಕೊಡುವ ಪಂದ್ಯದಲ್ಲಿ ಐಗಳಿ ತಂಡ ನಾಲ್ಕು ವರ್ಷ ಸಾಲಾಗಿ ಕೊನೆಗೆ ಎಡವಿತ್ತು. ತಂಡದ ನಾಯಕ ನಾಮದೇವ ರೇಡ್ ಮಾಡುತ್ತಿದ್ದ, ಒಳ್ಳೆಯವನೇ, ಆದರೆ ಪಂದ್ಯ ಬಿಗಿಯಾದಂತೆ ಅವನ ಕಾಲು ಭಾರವಾಗುತ್ತಿತ್ತು. ನಮ್ಮಲ್ಲಿ ರೇಡರ್ ಇಲ್ಲ, ಅದೇ ನಮ್ಮ ರೋಗ ಎಂದು ಊರು ತೀರ್ಮಾನಿಸಿತು.

ಮದ್ದು ಏಕಸಂಬಿಯಲ್ಲಿ ಸಿಕ್ಕಿತು. ಅಲ್ಲಿನ ಸುರಜ ಎಂಬ ಹುಡುಗ ಅಂಗಳಕ್ಕಿಳಿದರೆ ಎರಡು ಪಾಯಿಂಟ್ ಇಲ್ಲದೆ ಮರಳುತ್ತಿರಲಿಲ್ಲ. ಏಕಸಂಬಿ ತಂಡವನ್ನು ನೋಡಿಕೊಳ್ಳುವ ಬಾಹುಬಲಿಗೆ ರೇಡರುಗಳು ಇಬ್ಬರಿದ್ದರು, ಹಿಡಿಯುವವರು ಇರಲಿಲ್ಲ. ಒಂದು ಹಂಗಾಮಿಗೆ ಸುರಜನನ್ನು ಕೊಡುತ್ತೇವೆ, ಮಾಳುವನ್ನು ಕೊಡಿ ಎಂದು ಹೇಳಿಕಳಿಸಿದ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನಮ್ಮ ಜನಕ್ಕೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೇ ದೂರದ ಗಿಡಕ್ಕೆ ಕೈ ಚಾಚಿದರು.

ಜಕ್ಕಪ್ಪ ಇದನ್ನು ಅಡವಿಯಲ್ಲಿ ಕುರಿ ಬಿಟ್ಟುಕೊಂಡು ಮೂರು ದಿನ ತೂಗಿ ನೋಡಿದ. ಅವನ ಲೆಕ್ಕ ಹರಳುಗಳ ಲೆಕ್ಕ, ಕುರಿ ಎಣಿಸುವಂಥದು. ಹಿಂದಿನ ವರ್ಷದ ಒಂದೊಂದು ಪಂದ್ಯವನ್ನೂ ನೆನೆಯುತ್ತ, ರೇಡಿನಿಂದ ಬಂದ ಪಾಯಿಂಟಿಗೆ ಒಂದು ಕಡೆ, ಹಿಡಿದು ಬಂದ ಪಾಯಿಂಟಿಗೆ ಇನ್ನೊಂದು ಕಡೆ ಹರಳಿಟ್ಟ. ಹಿಡಿದ ಗುಂಪು ದೊಡ್ಡದಾಯಿತು. ಅದರೊಳಗೆ ಮಾಳುವಿನವನ್ನು ಬೇರೆ ಮಾಡಿದರೆ ಹೆಚ್ಚುಕಡಿಮೆ ಅರ್ಧ ಅವನವೇ. ಸುರಜ ಬಂದರೆ ರೇಡಿನ ಗುಂಪು ಬೆಳೆಯುತ್ತದೆ, ಸರಿ. ಆದರೆ ಹಿಡಿಯುವವನು ಹೋದರೆ ಎದುರಿನವನ ಗುಂಪೂ ಬೆಳೆಯುತ್ತದೆ. ಈ ಕೊಡುಕೊಳ್ಳುವಿಕೆ ಬೇಡ. ಇದು ಮಾವನ ಲೆಕ್ಕವಲ್ಲ, ಆಟ ಬಲ್ಲವನ ಲೆಕ್ಕ. ಮಾವನ ಕರುಳೂ ಬೇಡವೆಂದೇ ಅಂದಿತ್ತು, ತೊಡಕು ಬಂದದ್ದು ಅಲ್ಲಿ. ಮಾಳುವಿನ ಹರಳುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಅವನು ಗುಡಿಕಟ್ಟೆಗೆ ಹೋದ.

ಕಟ್ಟೆಯ ಮೇಲೆ ಹಾಲಿನ ಡೇರಿಯ ಚೇರಮನ್ ಭೀಮಸಿ ಮುಂದಾಗಿ ಕೂತಿದ್ದ. ತಂಡದ ಬನಿಯನ್ನು, ಟೆಂಪೋ, ಊಟ ಎಲ್ಲ ಅವನದೇ ಉಸ್ತುವಾರಿ. ಕೆಟ್ಟವನಲ್ಲ, ಬರೀ ಅವಸರದವನು. ಸುರಜನ ಗುಣಗಾನ ಮುಗಿದ ಮೇಲೆ ಎಲ್ಲರೂ ಜಕ್ಕಪ್ಪನ ಕಡೆ ತಿರುಗಿದರು. ಭೀಮಸಿ ನಗುತ್ತಲೇ ಅಂದ:

“ಜಕ್ಕಪ್ಪಾ, ತಂಡದ ಗುರು ನೀನು. ನೀ ಬ್ಯಾಡ ಅಂದ್ರ ಬ್ಯಾಡ, ನಾವ್ಯಾರೂ ಎದುರು ಮಾತಾಡಂಗಿಲ್ಲ. ಆದ್ರ ಅಳಿಯಾ ಅಂತ ಬ್ಯಾಡ ಅನ್ನಬ್ಯಾಡ.”

ಆ ಕೊನೆಯ ಮಾತು ಜಕ್ಕಪ್ಪನ ಬಾಯಿಗೆ ಬೀಗ ಹಾಕಿತು. ಈಗ ಬೇಡವೆಂದರೆ ಅಳಿಯನಿಗಾಗಿಯೇ ಅಂದಂತೆ. ಹರಳು ತೆಗೆದು ತೋರಿಸಿದರೆ, ನೋಡಿದಿರಾ, ಅಳಿಯನ ಹೆಸರಿನಲ್ಲಿ ಹರಳು ಕಟ್ಟಿಕೊಂಡು ಬಂದಿದ್ದಾನೆ ಎಂದು ನಗುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಯಿತು. ಜೇಬಿನಲ್ಲಿ ಕೈಯಿಟ್ಟು ಹರಳುಗಳನ್ನು ಹಿಡಿದುಕೊಂಡು ಅವನು, ಹತ್ತು ಮಂದಿ ಹ್ಯಾಂಗ ಅಂತೀರಿ ಹಾಂಗ್ರಿ ಅಂದ. ಅದೂ ಎರಡು ಸಲ ಅನ್ನಬೇಕಾಯಿತು, ಮೊದಲ ಸಲ ಯಾರಿಗೂ ಕೇಳಿಸಲಿಲ್ಲ.

ನಮ್ಮ ಕಡೆ ಕಾಗದಪತ್ರಕ್ಕಿಂತ ಭಂಡಾರ ದೊಡ್ಡದು. ಬೀರದೇವರ ಮುಂದಿನ ಅರಿಶಿನ ಮುಟ್ಟಿ ಆಡಿದ ಮಾತನ್ನು ಹಿಂತೆಗೆದವರ ಮನೆಯಲ್ಲಿ ಹಿಂಡು ಉಳಿಯುವುದಿಲ್ಲ ಎಂದು ನಂಬಿಕೆ. ಕೊಡುವ ಮನೆಯ ಹಿರಿಯನೇ ಹಚ್ಚಬೇಕು ಎಂದು ಪೂಜಾರಿ ಲಗಮಪ್ಪ ತಟ್ಟೆ ಮುಂದೆ ಮಾಡಿದ. ದೂರ ನಿಂತಿದ್ದ ಮಾಳುವನ್ನು ಕರೆದರು. ಆಟಗಾರರಿಗೆ ಕಟ್ಟೆ ಹತ್ತುವ ಪದ್ಧತಿ ಇಲ್ಲ, ಆದ್ದರಿಂದ ಮೇಲೆ ಯಾರು ಏನಂದರೆಂದು ಅವನಿಗೆ ಗೊತ್ತಿರಲಿಲ್ಲ. ಹಬ್ಬಕ್ಕೆ ಹಚ್ಚುವಂತೆಯೇ ಜಕ್ಕಪ್ಪ ಅವನ ಹಣೆಗೆ ಭಂಡಾರ ಹಚ್ಚಿದ. ಹಂಗಾಮು ಮುಗಿಯುವವರೆಗೆ ಮಾಳು ಏಕಸಂಬಿಯವನು ಎಂದು ಲಗಮಪ್ಪ ಕೂಗಿ ಹೇಳಿದ ಮೇಲೇ ಅದು ಯಾತರ ಭಂಡಾರವೆಂದು ಹುಡುಗನಿಗೆ ತಿಳಿದದ್ದು.

ಇಬ್ಬರೂ ಮನೆಯ ದಾರಿ ಹಿಡಿದರು. ಬೇವಿನ ಗಿಡದ ಹತ್ತಿರ ಮಾಳು ನಿಂತ.

“ಮಾಮಾ, ನೀ ಏನ್ ಅಂದಿ?”

“ಎಲ್ಲಾರೂ ಕೂಡಿ ಅಂದ್ರಪಾ.”

“ಎಲ್ಲಾರದು ಬಿಡು. ನೀ ಏನ್ ಅಂದಿ?”

ಜಕ್ಕಪ್ಪನಿಗೆ ಮೊಣಕಾಲು ನೋಯತೊಡಗಿದ್ದು ಆಗಲೇ ನೆನಪಾಯಿತು. ಕೂತು ಅದನ್ನು ತಿಕ್ಕಿಕೊಂಡ. ಅವನು ಎದ್ದು ನೋಡುವಷ್ಟರಲ್ಲಿ ಮಾಳು ಮನೆ ಸೇರಿದ್ದ. ಮರುದಿನ ಮುಂಜಾನೆಯ ಬಸ್ಸಿಗೆ ತಾರವ್ವ ಅವನಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು, ಜಕ್ಕಪ್ಪ ಬಸ್ ನಿಲ್ದಾಣದವರೆಗೆ ಚೀಲ ಹೊತ್ತ. ಮಾಳು ಕಾಲು ಮುಟ್ಟಿ ನಮಸ್ಕರಿಸಿ ಹತ್ತಿದ, ಕಿಟಕಿಯಿಂದ ಕೈ ಬೀಸಲಿಲ್ಲ.

ಸುರಜ ಬಂದಿಳಿದ. ಮುದ್ದಿನ ಹುಡುಗ, ಅರ್ಧ ಮರಾಠಿ ಅರ್ಧ ಕನ್ನಡ ಮಾತು, ಹಿರಿಯರನ್ನು ಕಂಡರೆ ಬಗ್ಗಿ ನಡೆಯುವವನು. ಮೊದಲ ವಾರವೇ ಪಕ್ಕದ ಊರಿನ ಸಣ್ಣ ಪಂದ್ಯವೊಂದರಲ್ಲಿ ಒಬ್ಬನೇ ಹದಿನೆಂಟು ಪಾಯಿಂಟ್ ತಂದ. ಅದು ತೂಕದ ಕಟ್ಟಿಲ್ಲದ ಪಂದ್ಯ. ಊರು ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿತು. ಜಕ್ಕಪ್ಪನಿಗೂ ಒಂದು ಗಳಿಗೆ ತಾನೇ ತಪ್ಪಿದೆನೇನೋ ಅನ್ನಿಸಿತು. ಹಾಗೆ ಅನ್ನಿಸಿದಾಗ ಸಮಾಧಾನವೂ ಆಯಿತು ಎಂಬುದನ್ನು ಮುಚ್ಚಿಡುವುದು ಬೇಡ.

ತೊಂದರೆ ಶುರುವಾದದ್ದು ಊಟದಿಂದ. ಹೊರಗಿನಿಂದ ಬಂದ ಆಟಗಾರನಿಗೆ ದಿನಕ್ಕೊಂದು ಮನೆಯ ಪಾಳಿಯಂತೆ ಊಟ ಹಾಕುವುದು ಪದ್ಧತಿ. ಪಾಳಿ ಬಂದ ಮನೆಯವರು ನಿನ್ನೆಯ ಮನೆಗಿಂತ ಕಡಿಮೆ ಮಾಡುತ್ತಾರೆಯೇ? ಒಬ್ಬರು ಗೋಧಿ ಹುಗ್ಗಿ ಮಾಡಿದರೆ ಇನ್ನೊಬ್ಬರು ಶೇಂಗಾ ಹೋಳಿಗೆ, ಅದರ ಮೇಲೆ ಮೂರನೆಯವರು ಟಗರಿನ ಮಾಂಸ. ಎಮ್ಮೆಯ ಹಾಲು ಲೋಟದಲ್ಲಲ್ಲ, ತಂಬಿಗೆಯಲ್ಲಿ. ಬೇಡವೆಂದರೆ ಮನೆಯವ್ವನ ಮುಖ ಸಣ್ಣದಾಗುತ್ತಿತ್ತು, ಸುರಜ ತಲೆ ತಗ್ಗಿಸಿ ಇನ್ನೊಂದು ತಿನ್ನುತ್ತಿದ್ದ. ಹಗೆಯಿಂದ ಹಾಕಿದ್ದರೆ ಬೈಯಬಹುದಿತ್ತು. ಪ್ರೀತಿಯಿಂದ ಹಾಕಿದ್ದಕ್ಕೆ ಯಾರನ್ನು ಬೈಯುವುದು?

ರಾಯಬಾಗದ ಕಡೆಯ ಆ ಪಂದ್ಯವೋ ಅರವತ್ತು ಕೆ.ಜಿ. ವಜನದ್ದು. ಆಡುವ ಒಬ್ಬೊಬ್ಬನೂ ಪಂದ್ಯದ ಮುಂಜಾನೆ ಕಾಟಾ ಹತ್ತಿ ನಿಲ್ಲಬೇಕು. ಅರವತ್ತರ ಮೇಲೆ ಮುಳ್ಳು ಹೋದರೆ ಹೊರಗೆ. ಸುರಜ ಬಂದಾಗ ಐವತ್ತೊಂಬತ್ತಿದ್ದ. ಡಿಸೆಂಬರ್ ಮುಗಿಯುವ ಹೊತ್ತಿಗೆ ಅವನ ಚಡ್ಡಿಯ ಲಾಡಿ ಗಿಡ್ಡವಾದದ್ದು ಜಕ್ಕಪ್ಪನ ಕಣ್ಣಿಗೆ ಬಿತ್ತು. ಉಣ್ಣೆ ತೂಗುವ ಕಾಟಾದ ಮೇಲೆ ಗುಟ್ಟಾಗಿ ನಿಲ್ಲಿಸಿ ನೋಡಿದ. ಮುಳ್ಳು ಅರವತ್ತೊಂದೂವರೆಗೆ ನಿಂತಿತು.

ಸುರಜ ಕೈ ಮುಗಿದ. ಕಾಕಾ, ಒಂದಷ್ಟು ಮಂದಿಗೆ ಹೇಳ್ರಿ, ನಾ ಹೇಳಿದ್ರ ಊಟಾ ಬೈದಂಗ ಆಗತೈತಿ ಎಂದು ಬೇಡಿಕೊಂಡ. ಜಕ್ಕಪ್ಪ ಅಂದು ಸಂಜೆಯೇ ಭೀಮಸಿಯ ಮನೆಗೆ ಹೋದ. ಅಂದು ಅದೇ ಮನೆಯ ಪಾಳಿ, ಒಳಗೆ ಹೋಳಿಗೆ ಬೇಯುತ್ತಿತ್ತು. ಪಾಳಿ ನಿಲ್ಲಿಸಿ, ಹುಡುಗನಿಗೆ ಎರಡು ರೊಟ್ಟಿ, ಕಾಳುಪಲ್ಯೆ ಸಾಕು ಅಂದ. ಭೀಮಸಿಯ ನಗು ಮಾಯವಾಯಿತು. ಮೊದಲಿನಿಂದಲೂ ನಿನಗೆ ಈ ಹುಡುಗ ಬೇಡವಾಗಿದ್ದ, ಅದು ನಮಗೇನು ಗೊತ್ತಿಲ್ಲವೇ ಎಂದು ಶುರುಮಾಡಿದ. ಅಳಿಯ ಹೋದ ಸಿಟ್ಟನ್ನು ಅತಿಥಿಯ ತಟ್ಟೆಯ ಮೇಲೆ ತೀರಿಸಿಕೊಳ್ಳಬೇಡ ಎಂದು ಮುಗಿಸಿದ. ಕಾಟಾದ ಮಾತೆತ್ತಿದರೆ, ಉಣ್ಣೆ ತೂಗುವ ಕಾಟಾದಲ್ಲಿ ಮನುಷ್ಯನನ್ನು ತೂಗಿದರೆ ಹಾಗೇ ಬರುತ್ತದೆ, ಸುಮ್ಮನಿರು ಎಂದ. ಜಕ್ಕಪ್ಪ ಕಟ್ಟೆಯ ಮೇಲೆ ಬೇಡ ಅಂದಿರಲಿಲ್ಲ, ಆದರೂ ಬೇಡ ಅಂದವನೆಂಬ ಹೆಸರು ಬಂದಿತ್ತು. ಅಂದಿದ್ದರೆ ಬರುತ್ತಿದ್ದ ಹೆಸರೂ ಅದೇ. ಭೀಮಸಿಯ ಹೆಂಡತಿ ಅವನಿಗೂ ಎರಡು ಹೋಳಿಗೆ ಹಾಕಿದಳು, ತಿಂದು ಬಂದ.

ತಾರವ್ವ ಪ್ರತಿ ಸೋಮವಾರ ಮಾಳುವಿಗೆ ಫೋನ್ ಹಚ್ಚುತ್ತಿದ್ದಳು. ಮೊದಮೊದಲು ಮಾಮಾ ಎಲ್ಲಿ ಎಂದು ಕೇಳುತ್ತಿದ್ದವನು ಬರಬರುತ್ತ ಕೇಳುವುದನ್ನು ಬಿಟ್ಟ. ಸಂಕ್ರಮಣದ ಹಿಂದಿನ ಸೋಮವಾರ ಅವಳು ಫೋನಿಟ್ಟು ಗಂಡನನ್ನು ಒಲೆಯ ಮುಂದಕ್ಕೆ ಕರೆದಳು. ಬಾಹುಬಲಿ ಮಾಳುವಿಗೆ ತನ್ನೂರಿನ ಹಾಲಿನ ಸಂಘದಲ್ಲಿ ಕೆಲಸ ಕೊಡುತ್ತೇನೆ, ಇಲ್ಲೇ ಇದ್ದುಬಿಡು ಅಂದಿದ್ದನಂತೆ.

“ಅವಾ ಏನ್ ಅಂದ?” ಎಂದ ಜಕ್ಕಪ್ಪ.

“ಪಂದ್ಯಾ ಆದಮ್ಯಾಲ ಹೇಳ್ತೇನಿ ಅಂದಾನ. ನೀವ ಒಂದ್ ಮಾತ್ ಬಾ ಅನ್ರಿ, ಬರ್ತಾನ. ಅವಗ ನಿಮ್ಮ ಬಾಯಿಂದನ ಕೇಳಬೇಕಾಗೇತಿ.”

ಜಕ್ಕಪ್ಪ ಫೋನನ್ನು ಕೈಗೆ ತೆಗೆದುಕೊಂಡ. ಭಂಡಾರ ಹಚ್ಚಿದವನು ತಾನೇ, ಹಂಗಾಮು ಮುಗಿಯುವ ಮೊದಲೇ ಬಾ ಎಂದು ಯಾವ ಬಾಯಿಂದ ಅನ್ನುವುದು? ಪಂದ್ಯದಲ್ಲಿ ಸಿಗುತ್ತಾನಲ್ಲ, ಎದುರಿಗೇ ಹೇಳುತ್ತೇನೆ ಎಂದು ಫೋನನ್ನು ಗೋಡೆಯ ಮಾಡದಲ್ಲಿಟ್ಟ. ಅದೂ ನೆಪವೆಂದು ಅವನಿಗೆ ಗೊತ್ತಿತ್ತು, ತಾರವ್ವನಿಗೂ ಗೊತ್ತಿತ್ತು.

ಸಂಕ್ರಮಣದ ದಿನ ಸಜ್ಜೆ ರೊಟ್ಟಿ, ಬೆಣ್ಣೆ, ಎಳ್ಳು ಹೋಳಿಗೆ ಹಿಡಿದುಕೊಂಡು ಹೆಂಗಸರು ಸುರಜ ಇಳಿದುಕೊಂಡ ಕೋಣೆಗೇ ಬಂದರು. ಹಬ್ಬದ ದಿನ ಬೇಡವೆನ್ನುವುದು ಹೇಗೆ? ಮೂರನೆಯ ದಿನ ಮುಂಜಾನೆ ಪಂದ್ಯದ ಅಂಗಳದಲ್ಲಿ, ರೇಷನ್ ಅಂಗಡಿಯಿಂದ ತಂದ ಕಾಟಾದ ಮೇಲೆ ಅವನು ನಿಂತಾಗ ಮುಳ್ಳು ಅರವತ್ತೆರಡು ತೋರಿಸಿತು.

ಇನ್ನೊಂದು ಸಲ ತೂಗಲು ಮಧ್ಯಾಹ್ನದವರೆಗೆ ಸಮಯ ಕೊಟ್ಟರು. ಮೈಮೇಲೆ ಎರಡು ಸ್ವೆಟರು, ಅದರ ಮೇಲೆ ಕಂಬಳಿ ಹೊದಿಸಿ ಸುರಜನನ್ನು ಬಿಸಿಲಲ್ಲಿ ಓಡಿಸಿದರು. ತಲೆ ಬೋಳಿಸಿದರು. ಉಗುಳು ಬತ್ತುವವರೆಗೆ ಉಗುಳಿಸಿದರು. ಹೋಳಿಗೆ ತಿನ್ನಿಸಿದ ಭೀಮಸಿಯೇ ಅವನ ಹಿಂದೆ ಓಡುತ್ತಿದ್ದ, ಪಾಪ, ಅವನ ಧೋತರದ ಕಚ್ಚೆ ಎರಡು ಸಲ ಬಿಚ್ಚಿತು. ನಗುವಂಥದ್ದೇ, ಆದರೆ ಅಂದು ಯಾರಿಗೂ ನಗು ಬರಲಿಲ್ಲ. ಕೊನೆಗೆ ಬರೀ ಚಡ್ಡಿಯ ಮೇಲೆ ನಿಂತಾಗ ಅರವತ್ತು ಕೆ.ಜಿ. ಮುನ್ನೂರು ಗ್ರಾಂ. ಆಗುವುದಿಲ್ಲ ಅಂದರು. ಸುರಜ ಕಾಟಾದಿಂದ ಇಳಿದು ಅಲ್ಲೇ ಮಣ್ಣಲ್ಲಿ ಕೂತು ಅತ್ತ.

“ಕಾಕಾ, ನಾ ಬ್ಯಾಡ ಅನಬೇಕಾಗಿತ್ರಿ. ಒಂದ್ ಸಲನರ ಅನಬೇಕಾಗಿತ್ತು.”

ಜಕ್ಕಪ್ಪ ಅವನ ಬೋಳುತಲೆಯ ಮೇಲೆ ಟವೆಲ್ ಹಾಕಿದ. ಹುಡುಗ ಅಂದದ್ದು ತನ್ನ ಹೊಟ್ಟೆಯೊಳಗಿನ ಮಾತನ್ನೇ.

ಭೀಮಸಿ ಇಷ್ಟಕ್ಕೇ ಬಿಡಲಿಲ್ಲ, ಓಡಿಹೋಗಿ ಬಾಹುಬಲಿಯ ಕೈ ಹಿಡಿದುಕೊಂಡ. ಇವತ್ತೊಂದು ದಿನ ಮಾಳುವನ್ನು ಬಿಟ್ಟುಕೊಡಿ ಅಂದ. ಬಾಹುಬಲಿ ಗದರಲಿಲ್ಲ. ಅವನು ಜೈನರವನು. ಭಂಡಾರ ನಮ್ಮ ದೇವರದಲ್ಲ, ಹಚ್ಚಿದವರು ನೀವು, ನೀವೇ ಅಳಿಸುತ್ತೇವೆ ಎಂದರೆ ನಾನು ಅಡ್ಡ ಬರುವುದಿಲ್ಲ ಎಂದಷ್ಟೇ ಹೇಳಿದ. ಐಗಳಿಯವರೆಲ್ಲ ಜಕ್ಕಪ್ಪನ ಮುಖ ನೋಡಿದರು. ಏಕಸಂಬಿಯ ಬನಿಯನ್ನು ತೊಟ್ಟ ಮಾಳು ಸ್ವಲ್ಪ ದೂರದಲ್ಲಿ ಕಾಲಿಗೆ ಪಟ್ಟಿ ಸುತ್ತುತ್ತಿದ್ದವನು ಕೈ ನಿಲ್ಲಿಸಿ ಅವನೂ ನೋಡಿದ. ಜಕ್ಕಪ್ಪನಿಗೆ ಹಿಂಡು ನೆನಪಾಯಿತು, ದೇವರು ನೆನಪಾಯಿತು, ಹತ್ತು ಮಂದಿ ನೆನಪಾದರು. ಅವನು ನೆಲ ನೋಡಿದ. ಮಾಳು ಪಟ್ಟಿ ಸುತ್ತುವುದನ್ನು ಮುಂದುವರಿಸಿದ.

ಚೀಟಿ ಎತ್ತಿದಾಗ ಮೊದಲ ಪಂದ್ಯವೇ ಐಗಳಿಗೂ ಏಕಸಂಬಿಗೂ ಬಿತ್ತು. ಸುರಜನಿಲ್ಲದೆ, ಮಾಳುವಿಲ್ಲದೆ ಐಗಳಿಯವರು ಆಡಿದರು, ಮರ್ಯಾದೆಗೆ ಕಡಿಮೆಯಿಲ್ಲದಂತೆ ಆಡಿದರು. ಏಕಸಂಬಿಯಲ್ಲಿ ಉಳಿದ ರೇಡರ್ ಅಷ್ಟೇನೂ ಚುರುಕಿನವನಲ್ಲ, ನಾಮದೇವನ ಕಾಲು ಅಂದು ಹಗುರಾಗಿತ್ತು. ಎಡಮೂಲೆಯಲ್ಲಿ ಮಾಳು ನಾಲ್ಕೈದು ಸಲ ಹಿಡಿಯಬಹುದಾಗಿತ್ತು, ಹಿಂದೆಮುಂದೆ ನೋಡಿ ಬಿಟ್ಟ. ಏಕಸಂಬಿಯಲ್ಲಿ ಅವನಿಗೆ ಕೂಗುವವರು ಇರಲಿಲ್ಲ. ಕೊನೆಯ ರೇಡ್ ಉಳಿದಾಗ ಎರಡೂ ಕಡೆ ಇಪ್ಪತ್ತಾರು. ನಾಮದೇವ ಒಳಹೋದ. ಬರಿಗೈಯಲ್ಲಿ ಬಂದರೂ ಪಂದ್ಯ ಸಮ, ಮತ್ತೆ ಆಡಿಸುತ್ತಾರೆ. ಬರೀ ಸಿಕ್ಕಿಬೀಳಬಾರದು, ಅಷ್ಟೇ.

ಜಕ್ಕಪ್ಪ ಅಂಚಿನಲ್ಲಿ ನಿಂತಿದ್ದ, ಹದಿಮೂರು ವರ್ಷ ನಿಂತಂತೆಯೇ. ನಾಮದೇವ ಬಲಕ್ಕೆ ಹೊರಳಿದ, ಎಡಕ್ಕೆ ಬಂದ, ಮಾಳುವಿನ ಮೂಲೆಗೆ ಬೆನ್ನು ಕೊಟ್ಟ. ಅವನ ಹಿಂಗಾಲು ನೆಲ ಬಿಟ್ಟಿತು. ಮಾಳು ಕಂಡ, ಬಾಗಿದ, ಅನುಮಾನಿಸಿದ.

“ಹಿಡಿ ಮಾಳೂ!”

ಆ ಕೂಗು ಜಕ್ಕಪ್ಪನ ಗಂಟಲಿನಿಂದ ಬಂದದ್ದೆಂದು ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ಜಕ್ಕಪ್ಪನಿಗೇ. ಅಷ್ಟರೊಳಗೆ ಮಾಳು ಹಾರಿದ್ದ, ನಾಮದೇವನ ಕಾಲು ಅವನ ಎರಡೂ ಕೈಯೊಳಗಿತ್ತು, ರೆಫರಿ ಸೀಟಿ ಊದಿಯಾಗಿತ್ತು. ಏಕಸಂಬಿಯವರು ಒಂದು ಪಾಯಿಂಟಿನಿಂದ ಗೆದ್ದರು.

ಐಗಳಿಯವರು ಹೊಡೆಯಲಿಲ್ಲ, ಬೈಯಲಿಲ್ಲ. ಅವರು ಸುಮ್ಮನೆ ಬನಿಯನ್ನು ಮಡಿಚಿ ಟೆಂಪೋ ಕಡೆ ಹೋದರು. ಭೀಮಸಿ ಮಾತ್ರ ಪಕ್ಕದಲ್ಲಿ ಹಾದುಹೋಗುತ್ತ, ಅಂತೂ ಅಳಿಯನನ್ನು ಗೆಲ್ಲಿಸಿದೆಯಲ್ಲ ಎಂದ. ಬೇಕಂತ ಮಾಡಿದ್ದಲ್ಲ ಎಂದು ಜಕ್ಕಪ್ಪ ಹೇಳಿದ್ದು ಎಂದಿನಂತೆ ಯಾರಿಗೂ ಕೇಳಿಸಲಿಲ್ಲ.

ಮಾಳು ಮೈಯ ಮಣ್ಣು ಕೊಡವಿಕೊಳ್ಳದೆ ಬಂದು ಕಾಲು ಮುಟ್ಟಿದ. ಎರಡು ತಿಂಗಳಲ್ಲಿ ಸ್ವಲ್ಪ ಸೊರಗಿದ್ದ. ಬಾ ಅನ್ನಲು ಇದೇ ಹೊತ್ತು, ತಾರವ್ವ ಹೇಳಿಕಳಿಸಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಜಕ್ಕಪ್ಪ ಅದಕ್ಕೆ ಉಸಿರು ಕೂಡಿಸಿಕೊಳ್ಳುತ್ತಿರುವಾಗ ಮಾಳುವೇ ಶುರುಮಾಡಿದ. ಸೋಮವಾರದಿಂದ ಹಾಲಿನ ಸಂಘದ ಕೆಲಸಕ್ಕೆ ಹೋಗುತ್ತೇನೆ, ಹಂಗಾಮು ಮುಗಿದ ಮೇಲೂ ಅಲ್ಲೇ ಇರುತ್ತೇನೆ, ಅತ್ತೆಗೆ ತಿಳಿಸಿ ಹೇಳು ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೋಗಲು ತಿರುಗಿದವನು ಮತ್ತೆ ನಿಂತ.

“ಮಾಮಾ, ಅವತ್ತ ಕಟ್ಟಿಮ್ಯಾಲ ಇಷ್ಟ ಜೋರ ಒದರಿದ್ರ ಆಗ್ತಿತ್ತಲ್ಲ.”

ಬಾಹುಬಲಿಯ ಟೆಂಪೋ ಎರಡು ಸಲ ಹಾರ್ನ್ ಹಾಕಿತು. ಮಾಳು ಓಡಿಹೋಗಿ ಹಿಂದಿನ ಹಲಗೆ ಹಿಡಿದು ಹತ್ತಿದ. ಜಕ್ಕಪ್ಪ ಬಾ ಎಂದ. ಅದು ಪಕ್ಕದಲ್ಲಿ ನಿಂತಿದ್ದ ಸುರಜನಿಗೆ ಮಾತ್ರ ಕೇಳಿಸಿತು, ತನ್ನನ್ನೇ ಕರೆದರೆಂದುಕೊಂಡು ಅವನು ಚೀಲ ಎತ್ತಿಕೊಂಡು ಹತ್ತಿರ ಬಂದ.